ಗಾಮಾ ಪೈಲ್ವಾನರ ಎರಡು ಕಸರತ್ತು

ಕಳೆದ ವರ್ಷ ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮಾರನೇ ದಿನವೇ ನಾನು ಜಿಮ್ ಸೇರಿದೆ. ನಮ್ಮ ಕಾಮರ್ಸ್ ವಿಭಾಗದ ಐದು ಜನ ಒಟ್ಟಿಗೆ ಸೇರಿದ್ದೆವು. ರಜೆ ಮುಗಿದು ಕಾಲೇಜು ಶುರುವಾಗುವಷ್ಟರಲ್ಲಿ ಶರ್ಟಿನ ತೋಳು ಬಿಗಿಯಾಗಬೇಕು ಎನ್ನುವುದೊಂದೇ ನಮ್ಮ ಗುರಿ. ಮೊಬೈಲ್‌ನಲ್ಲಿ ನೋಡಿದ್ದನ್ನೆಲ್ಲಾ ಮಾಡುತ್ತಿದ್ದೆವು. ಸೋಮವಾರ ಎದೆ, ಮಂಗಳವಾರ ತೋಳು, ಬುಧವಾರ ಮತ್ತೆ ತೋಳು! ಕಾಲಿಗೆ ಯಾರೂ ಒಂದು ದಿನವನ್ನೂ ಕೊಡಲಿಲ್ಲ. ಪ್ಯಾಂಟಿನೊಳಗಿನ ಕಾಲು ಫೋಟೋದಲ್ಲಿ ಕಾಣುವುದಿಲ್ಲವಲ್ಲ.

ಇಪ್ಪತ್ತನೇ ದಿನ ಇರಬೇಕು. ನನ್ನ ಗೆಳೆಯ ಎತ್ತಿದ ಭಾರಕ್ಕಿಂತ ಹತ್ತು ಕೆ.ಜಿ. ಹೆಚ್ಚು ಎತ್ತಿ ತೋರಿಸಬೇಕೆಂದು ನೆಲದ ಮೇಲಿದ್ದ ಬಾರ್ಬೆಲ್ಲಿಗೆ ಕೈ ಹಾಕಿದೆ. ಬೆನ್ನು ಬಿಲ್ಲಿನಂತೆ ಬಾಗಿತ್ತು. ಅದು ತಪ್ಪು ಎಂದು ನನಗೆ ಗೊತ್ತಿರಲಿಲ್ಲ, ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಸೊಂಟದಲ್ಲಿ ಏನೋ ಹಿಡಿದಂತಾಯಿತು. ಮನೆಗೆ ಬರುವಷ್ಟರಲ್ಲಿ ಚಪ್ಪಲಿ ಬಿಡಲು ಕೂಡ ಬಗ್ಗಲು ಆಗುತ್ತಿರಲಿಲ್ಲ. ಡಾಕ್ಟರು ಸ್ನಾಯು ಎಳೆದಿದೆ ಎಂದರು, ಮೂರು ವಾರ ಭಾರ ಎತ್ತಬಾರದು ಎಂದರು.

ಇನ್ನೊಂದು ವಿಷಯ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಬೆನ್ನು ಹಿಡಿಯುವ ಮುಂಚೆಯೇ ನಾನು ಪ್ರೋಟೀನ್ ಪುಡಿಯ ಡಬ್ಬಿಗಾಗಿ ಅಮ್ಮಿಯ ಹತ್ತಿರ 3,000 ರೂಪಾಯಿ ಕೇಳಿದ್ದೆ. ಅಮ್ಮಿ ಸೀರೆಗೆ ಫಾಲ್ ಹಾಕಿ, ಬ್ಲೌಸ್ ಹೊಲಿದು ಚೀಟಿ ಕಟ್ಟುತ್ತಾರೆ. ಚೀಟಿ ಎತ್ತಿದ ಹಣದಲ್ಲಿ ಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದರು. ಆ ಡಬ್ಬಿ ಬರಲಿಲ್ಲ. ಅದರ ಬದಲು ನಮ್ಮ ದಾದಾ ಆ ಮೂರು ವಾರ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತು ನನಗೆ ಒಬ್ಬ ಪೈಲ್ವಾನರ ಕಥೆ ಹೇಳಿದರು. ಆಮೇಲೆ ನಾನೇ ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಜಿಮ್‌ಗೆ ಹೋಗುವ, ಹೋಗಬೇಕೆಂದಿರುವ ಎಲ್ಲಾ ಗೆಳೆಯರೂ ಇದನ್ನು ಓದಬೇಕು ಎನ್ನುವುದು ನನ್ನ ಆಸೆ.

ದಾವಣಗೆರೆಯವರಿಗೆ ಕುಸ್ತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಊರಿನಲ್ಲಿ ಗರಡಿಮನೆಗಳಿವೆ, ದುಗ್ಗಮ್ಮನ ಜಾತ್ರೆ ಬಂದರೆ ಕುಸ್ತಿ ನೋಡಲು ಜನ ಮುಗಿಬೀಳುತ್ತಾರೆ. ದಾದಾ ಹುಡುಗರಾಗಿದ್ದಾಗ ಗರಡಿಯಲ್ಲಿ ಸಾಮು ಮಾಡಿದವರು. ಅವರ ಉಸ್ತಾದರು ಹುಡುಗರಿಗೆ ಗಾಮಾ ಪೈಲ್ವಾನರ ಕಥೆ ಹೇಳುತ್ತಿದ್ದರಂತೆ. ಒಂದು ವಿಷಯ ನನಗೆ ಆಗ ಹೊಳೆಯಿತು. ನಮ್ಮ ಮನೆಯ ಉರ್ದುವಿನಲ್ಲಿರುವ ಕುಶ್ತಿ, ಪಹಲ್ವಾನ್, ಉಸ್ತಾದ್, ತಾಲೀಮ್, ಕಸರತ್ ಎಂಬ ಪದಗಳೇ ಕನ್ನಡದಲ್ಲಿ ಕುಸ್ತಿ, ಪೈಲ್ವಾನ, ವಸ್ತಾದ, ತಾಲೀಮು, ಕಸರತ್ತು ಆಗಿವೆ. ಕಸರತ್ ಎಂದರೆ ವ್ಯಾಯಾಮ ಎಂದಷ್ಟೇ ನಾನು ತಿಳಿದಿದ್ದೆ. ಹೆಚ್ಚಳ, ಅಧಿಕ ಎಂಬ ಅರ್ಥವೂ ಆ ಪದಕ್ಕಿದೆ. ಅಂದರೆ ಒಂದೇ ಕೆಲಸವನ್ನು ಹೆಚ್ಚು ಹೆಚ್ಚು ಸಲ ಮಾಡುವುದು. ಗಾಮಾ ಅವರ ಇಡೀ ಜೀವನ ಈ ಒಂದು ಪದದಲ್ಲಿದೆ.

ಗಾಮಾ ಎಂಬುದು ಅವರ ಕರೆಯುವ ಹೆಸರು. ನಿಜವಾದ ಹೆಸರು ಗುಲಾಂ ಮುಹಮ್ಮದ್ ಬಕ್ಷ್. ಹುಟ್ಟಿದ್ದು 1878ರಲ್ಲಿ, ಪಂಜಾಬಿನ ಅಮೃತಸರದ ಕಡೆ, ಕಾಶ್ಮೀರ ಮೂಲದ ಒಂದು ಕುಸ್ತಿ ಮನೆತನದಲ್ಲಿ. ತಂದೆ ಮುಹಮ್ಮದ್ ಅಜೀಜ್ ಬಕ್ಷ್ ಕೂಡ ಪೈಲ್ವಾನರು. ಆದರೆ ಗಾಮಾ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯ ತಂದೆ ನೂನ್ ಪೈಲ್ವಾನರು ಹುಡುಗನನ್ನು ಸಾಕಿದರು. ಅವರೂ ತೀರಿಕೊಂಡ ಮೇಲೆ ಮಾಮ ಈದಾ ಪೈಲ್ವಾನರು ಕೈ ಹಿಡಿದು ಅಖಾಡಕ್ಕೆ ಕರೆದುಕೊಂಡು ಹೋದರು. ತಂದೆ ಇಲ್ಲದ ಹುಡುಗನಿಗೆ ಆಸ್ತಿ ಎಂದು ಉಳಿದದ್ದು ಅಖಾಡದ ಮಣ್ಣು ಮತ್ತು ಮನೆಯ ಹಿರಿಯರು ಕಲಿಸಿದ ವಿದ್ಯೆ ಮಾತ್ರ.

ಗಾಮಾ ಮೊದಲು ಹೆಸರು ಮಾಡಿದ್ದು ಕುಸ್ತಿಯಲ್ಲಿ ಅಲ್ಲ, ಬಸ್ಕಿ ಹೊಡೆಯುವುದರಲ್ಲಿ! 1888ರಲ್ಲಿ ಜೋಧಪುರದ ಮಹಾರಾಜರು ದೊಡ್ಡದೊಂದು ಸ್ಪರ್ಧೆ ಏರ್ಪಡಿಸಿದ್ದರು. ಕಠಿಣವಾದ ಕಸರತ್ತು, ಮುಖ್ಯವಾಗಿ ಬಸ್ಕಿ. ಯಾರು ಕೊನೆಯವರೆಗೆ ನಿಲ್ಲದೆ ಮಾಡುತ್ತಾರೋ ಅವರು ಗೆದ್ದಂತೆ. ದೇಶದ ನಾನಾ ಕಡೆಯಿಂದ 400ಕ್ಕೂ ಹೆಚ್ಚು ಪೈಲ್ವಾನರು ಬಂದಿದ್ದರು. ಆ ಗುಂಪಿನಲ್ಲಿ ಹತ್ತು ವರ್ಷದ ಗಾಮಾ ಕೂಡ ನಿಂತುಬಿಟ್ಟ. ದೊಡ್ಡ ದೊಡ್ಡವರು ಒಬ್ಬೊಬ್ಬರಾಗಿ ಕುಸಿದು ಕುಳಿತರು. ಕೊನೆಗೆ ಉಳಿದ 15 ಜನರಲ್ಲಿ ಈ ಹುಡುಗನೂ ಇದ್ದ. ವಯಸ್ಸು ನೋಡಿ ಮಹಾರಾಜರು ಅವನನ್ನೇ ಗೆದ್ದವನೆಂದು ಘೋಷಿಸಿದರು. ನಾವು ಹತ್ತು ವರ್ಷದವರಿದ್ದಾಗ ಶಾಲೆಯಲ್ಲಿ ಹೋಂವರ್ಕ್ ಮಾಡದಿದ್ದರೆ ಇದೇ ಬಸ್ಕಿ ನಮಗೆ ಶಿಕ್ಷೆಯಾಗಿತ್ತು. ಇಪ್ಪತ್ತು ಹೊಡೆಯುವಷ್ಟರಲ್ಲಿ ಅಳು ಬರುತ್ತಿತ್ತು. ಇಲ್ಲಿ ಅದೇ ಬಸ್ಕಿ ಒಬ್ಬ ಹುಡುಗನ ಭಾಗ್ಯದ ಬಾಗಿಲು ತೆರೆಯಿತು.

ಆಮೇಲೆ ದತಿಯಾ ಸಂಸ್ಥಾನದ ಮಹಾರಾಜರು ಗಾಮಾನಿಗೆ ಆಶ್ರಯ ಕೊಟ್ಟರು. ಊಟ, ವಸತಿ, ತರಬೇತಿ ಎಲ್ಲದರ ಖರ್ಚು ಸಂಸ್ಥಾನದ್ದು. ಅಲ್ಲಿ ಗಾಮಾ ಮಾಡುತ್ತಿದ್ದ ಅಭ್ಯಾಸವನ್ನು ನೋಡಿದರೆ ನಮ್ಮ ಜಿಮ್ಮಿನ ನಲವತ್ತು ಬಗೆಯ ಯಂತ್ರಗಳು ನೆನಪಾಗಿ ನಗು ಬರುತ್ತದೆ. ಮುಖ್ಯವಾಗಿ ಎರಡೇ ಕಸರತ್ತು: ದಂಡ ಮತ್ತು ಬಸ್ಕಿ. ಬಾಲಕನಾಗಿದ್ದಾಗ ದಿನಕ್ಕೆ 500 ದಂಡ, 500 ಬಸ್ಕಿ. ಬೆಳೆದ ಮೇಲೆ ದಿನಕ್ಕೆ 3,000 ದಂಡ, 5,000 ಬಸ್ಕಿ ಹೊಡೆಯುತ್ತಿದ್ದರು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಇದರ ಜೊತೆಗೆ ಅಖಾಡದ ಮಣ್ಣನ್ನು ಅಗೆದು ಹದ ಮಾಡುವುದು, ಓಡುವುದು, ಗದೆ ತಿರುಗಿಸುವುದು, ದಿನವೂ ಒಬ್ಬರಾದ ಮೇಲೊಬ್ಬರಂತೆ ಜೊತೆಗಾರರೊಂದಿಗೆ ಕುಸ್ತಿ.

ದಂಡ ಎಂದರೆ ನಾವು ಮಾಡುವ ಪುಷ್ ಅಪ್‌ನ ಅಣ್ಣ ಎನ್ನಬಹುದು. ಕೈ ಕಾಲು ನೆಲಕ್ಕೆ ಊರಿ ಸೊಂಟ ಮೇಲೆತ್ತಿ ನಿಂತು, ಎದೆಯನ್ನು ನೆಲಕ್ಕೆ ಸವರುವಂತೆ ಮುಂದಕ್ಕೆ ಜಾರಿಸಿ, ಹೆಡೆ ಎತ್ತಿದ ಹಾವಿನಂತೆ ತಲೆ ಎದೆ ಮೇಲೆತ್ತಿ, ಮತ್ತೆ ಸೊಂಟವನ್ನು ಹಿಂದಕ್ಕೆ ತರಬೇಕು. ಎದೆ, ಭುಜ, ತೋಳಿನ ಹಿಂಭಾಗ, ಹೊಟ್ಟೆ ಎಲ್ಲಕ್ಕೂ ಒಂದೇ ಏಟಿಗೆ ಕೆಲಸ. ಬೆನ್ನು ಭುಜ ಬಿಗಿಯದೆ ಸಡಿಲವಾಗಿಯೂ ಉಳಿಯುತ್ತವೆ. ಬಸ್ಕಿ ಎಂದರೆ ಪೂರ್ತಿ ಕುಳಿತು ಏಳುವುದು, ಉಸಿರಿನ ಲಯಕ್ಕೆ ಸರಿಯಾಗಿ ಕೈ ಬೀಸುತ್ತಾ. ತೊಡೆ, ಸೊಂಟ, ಮೀನಖಂಡ ಗಟ್ಟಿಯಾಗುತ್ತವೆ. ನಮ್ಮ ಮೈಯ ಅತಿ ದೊಡ್ಡ ಸ್ನಾಯುಗಳಿರುವುದು ಅಲ್ಲಿಯೇ. ಹೆಚ್ಚು ಹೊತ್ತು ಮಾಡಿದರೆ ಏದುಸಿರು ಬರುವುದರಿಂದ ಹೃದಯಕ್ಕೂ ಶ್ವಾಸಕೋಶಕ್ಕೂ ಅದೇ ವ್ಯಾಯಾಮ. ತೋಳನ್ನು ಮಾತ್ರ ಮಡಚಿ ಬಿಚ್ಚುವ ಬೈಸೆಪ್ಸ್ ಕರ್ಲ್‌ನಲ್ಲಿ ಒಂದು ಸಣ್ಣ ಸ್ನಾಯು ಕೆಲಸ ಮಾಡುತ್ತದೆ. ದಂಡ, ಬಸ್ಕಿಗಳಲ್ಲಿ ಇಡೀ ಮೈ ಕೆಲಸ ಮಾಡುತ್ತದೆ. ಇಷ್ಟು ಸರಳವಾದ ಲೆಕ್ಕ ಕಾಮರ್ಸ್ ಓದುವ ನನಗೆ ತಿಳಿದಿರಲಿಲ್ಲ.

ಒಂದು ಕೊರತೆಯನ್ನೂ ಹೇಳಬೇಕು. ದಂಡದಲ್ಲಿ ನಾವು ನೆಲವನ್ನು ದೂಡುತ್ತೇವೆ, ಯಾವುದನ್ನೂ ನಮ್ಮ ಕಡೆಗೆ ಎಳೆಯುವುದಿಲ್ಲ. ಗಾಮಾ ಅವರಿಗೆ ಆ ಎಳೆಯುವ ಕೆಲಸ ಕುಸ್ತಿಯಲ್ಲಿ ಎದುರಾಳಿಯನ್ನು ಸೆಳೆಯುವಾಗ, ಗುದ್ದಲಿ ಹಿಡಿದು ಮಣ್ಣು ಅಗೆಯುವಾಗ ಸಿಗುತ್ತಿತ್ತು. ನಮಗೆ ಅದು ಸಿಗುವುದಿಲ್ಲ. ಆದ್ದರಿಂದ ಕಂಬಿಗೆ ಜೋತುಬಿದ್ದು ಮೈಯನ್ನು ಮೇಲಕ್ಕೆಳೆಯುವ ಪುಲ್ ಅಪ್ ಅಥವಾ ಡಂಬೆಲ್ ಹಿಡಿದು ಎಳೆಯುವ ವ್ಯಾಯಾಮವನ್ನು ನಾವು ಸೇರಿಸಿಕೊಳ್ಳಬೇಕು.

ಗಾಮಾ ಅವರ ಊಟದ ಕಥೆಗಳು ಇನ್ನೂ ದೊಡ್ಡವು. ಲೀಟರುಗಟ್ಟಲೆ ಹಾಲು, ಅರೆದ ಬಾದಾಮಿ, ತುಪ್ಪ, ಮಾಂಸದ ಯಖ್ನಿ. ಇದನ್ನು ಕೇಳಿ ನಾವೂ ಹಾಗೆಯೇ ತಿನ್ನಲು ಹೊರಟರೆ ಹೊಟ್ಟೆ ಕೆಡುವುದು ಖಂಡಿತ. ಅವರು ದಿನಕ್ಕೆ ಹಲವು ಗಂಟೆ ಬೆವರು ಸುರಿಸುತ್ತಿದ್ದರು, ಅದಕ್ಕೆ ತಕ್ಕ ಊಟ ಬೇಕಿತ್ತು. ನಾವು ದಿನಕ್ಕೆ ಏಳು ಗಂಟೆ ಬೆಂಚಿನ ಮೇಲೆ ಕೂರುವವರು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಒಂದು ಲೋಟ ಹಾಲಿನಲ್ಲೂ ಹೆಚ್ಚು ಕಡಿಮೆ ಅಷ್ಟೇ ಇದೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ. ಬೇಳೆ, ಕಡಲೆ, ಮೀನು, ಕೋಳಿ ಮನೆಯಲ್ಲಿ ಆಗಾಗ ಇದ್ದೇ ಇರುತ್ತವೆ. ಒಂದು ಭಾನುವಾರ ಕುಳಿತು ನನ್ನ ದಿನದ ಊಟವನ್ನು ಲೆಕ್ಕ ಹಾಕಿದೆ. ಬೆಳಿಗ್ಗೆ ಎರಡು ಮೊಟ್ಟೆ, ಸಂಜೆ ಒಂದು ಹಿಡಿ ಹುರಿದ ಶೇಂಗಾ ಸೇರಿಸಿದರೆ ನನಗೆ ಬೇಕಾದದ್ದು ಮನೆಯ ಊಟದಲ್ಲೇ ಬರುತ್ತದೆ. ಅಮ್ಮಿಗೆ ಚೀಟಿ ಹಣ ಬೇಡ ಎಂದು ಅಂದೇ ಹೇಳಿದೆ. ಆ ಹಣದಲ್ಲಿ ಹೊಲಿಗೆ ಯಂತ್ರದ ಮೋಟರ್ ರಿಪೇರಿ ಆಯಿತು.

ಈಗ ಮತ್ತೆ ಗಾಮಾ ಅವರ ಕಡೆ ಬರೋಣ. 1895ರಲ್ಲಿ ಅವರು ರಹೀಂ ಬಕ್ಷ್ ಸುಲ್ತಾನಿವಾಲಾ ಎಂಬ ಹೆಸರಾಂತ ಪೈಲ್ವಾನರಿಗೆ ಸವಾಲು ಹಾಕಿದರು. ರಹೀಂ ಬಕ್ಷ್ ಗುಜ್ರಾನ್‌ವಾಲಾದವರು, ಸುಮಾರು ಏಳು ಅಡಿ ಎತ್ತರ. ಗಾಮಾ ಎತ್ತರ ಸುಮಾರು 5 ಅಡಿ 7 ಇಂಚು ಮಾತ್ರ. ವಯಸ್ಸು 17, ಅಂದರೆ ಈಗ ನನ್ನದೆಷ್ಟೋ ಅಷ್ಟೇ! ನೋಡಲು ಬಂದವರು ಹುಡುಗ ಎರಡು ನಿಮಿಷ ನಿಲ್ಲುವುದಿಲ್ಲ ಎಂದುಕೊಂಡಿರಬೇಕು. ಆದರೆ ಕುಸ್ತಿ ಗಂಟೆಗಟ್ಟಲೆ ನಡೆದು ಸಮಬಲದಲ್ಲಿ ಮುಗಿಯಿತು. ಏಳು ವರ್ಷಗಳ ಹಿಂದೆ ಜೋಧಪುರದಲ್ಲಿ ಬಸ್ಕಿ ಹೊಡೆದ ಕಾಲುಗಳು ಇಲ್ಲಿ ಅವರನ್ನು ನಿಲ್ಲಿಸಿಕೊಂಡವು. ಆ ದಿನದಿಂದ ಗಾಮಾ ಹೆಸರು ಎಲ್ಲಾ ಅಖಾಡಗಳಿಗೂ ಹರಡಿತು.

ಗಾಮಾ ಅವರ ಬಗ್ಗೆ ಹೇಳುವ ಎಲ್ಲವನ್ನೂ ನಾವು ಕಣ್ಣು ಮುಚ್ಚಿ ನಂಬಬೇಕಾಗಿಲ್ಲ. ಬರೋಡಾದ ವಸ್ತುಸಂಗ್ರಹಾಲಯದಲ್ಲಿ ಒಂದು ದೊಡ್ಡ ಕಲ್ಲಿದೆ. 1902ರಲ್ಲಿ ಗಾಮಾ ಅದನ್ನು ಎತ್ತಿದರೆಂದು ಅದರ ಮೇಲೆ ಕೆತ್ತಲಾಗಿದೆ. ಕಲ್ಲಿನ ತೂಕ 1,200 ಕೆ.ಜಿ. ಎನ್ನುತ್ತಾರೆ. 2016ರಲ್ಲಿ ಬ್ರಿಟನ್ನಿನ ಎಡ್ಡಿ ಹಾಲ್ ಎಂಬ ಭಾರಿ ಮನುಷ್ಯ ಡೆಡ್‌ಲಿಫ್ಟ್‌ನಲ್ಲಿ 500 ಕೆ.ಜಿ. ಎತ್ತಿದಾಗ ಮೂಗಿನಿಂದ ರಕ್ತ ಸುರಿದು ಪ್ರಜ್ಞೆ ತಪ್ಪಿತ್ತು. ಹಾಗಿರುವಾಗ 1,200 ಕೆ.ಜಿ.ಯನ್ನು ಒಬ್ಬ ಮನುಷ್ಯ ನೆಲದಿಂದ ಪೂರ್ತಿ ಎತ್ತಿದ ಎಂದರೆ ನನ್ನ ಲೆಕ್ಕ ಒಪ್ಪುವುದಿಲ್ಲ. ಕಲ್ಲನ್ನು ಅಲುಗಿಸಿ ಸ್ವಲ್ಪ ಸರಿಸಿದ್ದರೂ ಅದು ಸಣ್ಣ ಸಾಹಸವಲ್ಲ. ದೊಡ್ಡ ಅಂಕಿ ಕೇಳಿದ ಕೂಡಲೇ ಬಾಯಿ ಬಿಟ್ಟು ನೋಡುವುದು, ನಾವೂ ಅಷ್ಟೇ ಎತ್ತಲು ಹೋಗುವುದು ಎಷ್ಟು ಅಪಾಯ ಎಂದು ನನ್ನ ಸೊಂಟಕ್ಕೆ ಗೊತ್ತು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಸಂಗ್ರಹಾಲಯದಲ್ಲಿ ಅವರದೆಂದು ಇಟ್ಟಿರುವ ಇನ್ನೊಂದು ವಸ್ತು ನನಗೆ ಹೆಚ್ಚು ಇಷ್ಟವಾಯಿತು. ಅದರ ಹೆಸರು ಹಸ್ಲಿ, ಕುತ್ತಿಗೆಗೆ ಹಾಕಿಕೊಳ್ಳುವ ಬಳೆಯಾಕಾರದ ಭಾರ. ತೂಕ 95 ಕೆ.ಜಿ. ಅದನ್ನು ಹಾಕಿಕೊಂಡು ಅವರು ಬಸ್ಕಿ ಹೊಡೆಯುತ್ತಿದ್ದರು. ಬರಿ ಮೈಯಲ್ಲಿ ಸಾವಿರಾರು ಬಸ್ಕಿ ಹೊಡೆದು ಕಾಲು ಗಟ್ಟಿಯಾದವರಿಗೆ ಇಂಥ ಭಾರ. ನಾನು ಮೊದಲ ತಿಂಗಳೇ ಭಾರಕ್ಕೆ ಕೈ ಹಾಕಿದ್ದೆ!

1910ರಲ್ಲಿ ಗಾಮಾ ತಮ್ಮ ಇಮಾಂ ಬಕ್ಷ್ ಅವರ ಜೊತೆ ಲಂಡನ್‌ಗೆ ಹೊರಟರು. ಆ ಪ್ರವಾಸದ ಖರ್ಚಿಗೆ ನಿಂತವರು ಬಂಗಾಳದ ಶ್ರೀಮಂತರಾದ ಶರತ್ ಕುಮಾರ್ ಮಿತ್ರ. ಲಂಡನ್‌ನಲ್ಲಿ ಮೊದಲಿಗೆ ಯಾರೂ ಗಾಮಾ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎತ್ತರ ಕಡಿಮೆ ಎಂದು ಸ್ಪರ್ಧೆಗೆ ಸೇರಿಸಿಕೊಳ್ಳಲಿಲ್ಲ ಎನ್ನುತ್ತಾರೆ. ಆಗ ಗಾಮಾ ಕಡೆಯಿಂದ ಒಂದು ಸವಾಲು ಹೊರಟಿತು. ಯಾವುದೇ ತೂಕದ ಯಾವುದೇ ಮೂವರು ಕುಸ್ತಿಪಟುಗಳನ್ನು 30 ನಿಮಿಷದೊಳಗೆ ಕೆಡವುತ್ತೇನೆ ಎಂದು. ಜನ ಇದು ಬರಿ ಬಡಾಯಿ ಎಂದುಕೊಂಡರು. ಕೊನೆಗೆ ಅಮೆರಿಕದ ಬೆಂಜಮಿನ್ ರೋಲರ್ ಎದುರಿಗೆ ಬಂದರು. ಅವರು ವೃತ್ತಿಯಿಂದ ವೈದ್ಯರೂ ಹೌದು. ಗಾಮಾ ಅವರನ್ನು ಮೊದಲ ಸಲ 1 ನಿಮಿಷ 40 ಸೆಕೆಂಡಿನಲ್ಲಿ, ಎರಡನೇ ಸಲ 9 ನಿಮಿಷ 10 ಸೆಕೆಂಡಿನಲ್ಲಿ ಚಿತ್ ಮಾಡಿದರು. ತಮ್ಮ ಇಮಾಂ ಬಕ್ಷ್ ಕೂಡ ಸ್ವಿಟ್ಜರ್ಲೆಂಡಿನ ಜಾನ್ ಲೆಮ್ ಅವರನ್ನು ಸೋಲಿಸಿದರು. ಈಗ ಲಂಡನ್ ಪತ್ರಿಕೆಗಳು ಈ ಅಣ್ಣ ತಮ್ಮಂದಿರ ಕಡೆ ತಿರುಗಿದವು.

1910ರ ಸೆಪ್ಟೆಂಬರ್ 10ರಂದು ದೊಡ್ಡ ಕುಸ್ತಿ. ಎದುರಾಳಿ ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ. ಗೆದ್ದವರಿಗೆ 250 ಪೌಂಡ್ ಹಣ ಮತ್ತು ಜಾನ್ ಬುಲ್ ಬೆಲ್ಟ್. ಜಿಬಿಸ್ಕೊ ತೂಕದಲ್ಲಿ ಗಾಮಾ ಅವರಿಗಿಂತ ಬಹಳ ಹೆಚ್ಚು. ಆದರೂ ಶುರುವಾದ ಒಂದು ನಿಮಿಷದೊಳಗೆ ಗಾಮಾ ಅವರನ್ನು ನೆಲಕ್ಕೆ ಹಾಕಿದರು. ಗಾಮಾ ಬಲ ಎಂಥದ್ದು ಎಂದು ಜಿಬಿಸ್ಕೊ ಅವರಿಗೆ ಆ ಕ್ಷಣವೇ ತಿಳಿಯಿತು. ಆಮೇಲೆ ಅವರು ಮೇಲೆ ಏಳಲೇ ಇಲ್ಲ. ಹೊಟ್ಟೆಯಡಿ ನೆಲ ಅಪ್ಪಿಕೊಂಡು ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ತಡೆದುಕೊಂಡರು. ಗಾಮಾ ಎಷ್ಟು ಎಳೆದರೂ ಅವರನ್ನು ಮಗುಚಲು ಆಗಲಿಲ್ಲ. ಕುಸ್ತಿ ತೀರ್ಮಾನವಾಗದೆ ನಿಂತಿತು. ಒಂದು ವಾರ ಬಿಟ್ಟು 17ರಂದು ಮತ್ತೆ ಕುಸ್ತಿ ಎಂದು ಗೊತ್ತಾಯಿತು. ಆ ದಿನ ಗಾಮಾ ಬಂದರು, ಜಿಬಿಸ್ಕೊ ಬರಲಿಲ್ಲ. ಬೆಲ್ಟ್ ಗಾಮಾ ಅವರದಾಯಿತು.

ದಾದಾ ಈ ಭಾಗ ಹೇಳುವಾಗ ನಾನು ಒಂದು ವಿಷಯ ಯೋಚಿಸಿದೆ. ಎರಡೂವರೆ ಗಂಟೆ ಒಬ್ಬ ದೊಡ್ಡ ಮನುಷ್ಯನನ್ನು ಎಳೆಯುತ್ತಾ ಇರಲು ಎಂಥ ದಮ್ಮು ಬೇಕು! ಒಂದು ಸಲ ಭಾರಿ ತೂಕ ಎತ್ತಿ ಕೆಳಗಿಡುವ ಬಲ ಬೇರೆ, ಹೊತ್ತುಗಟ್ಟಲೆ ನಿಲ್ಲುವ ಬಲ ಬೇರೆ. ಜಿಮ್‌ನಲ್ಲಿ ನಾವು ಮೊದಲನೆಯದನ್ನು ಮಾತ್ರ ಬಲ ಎಂದುಕೊಂಡಿದ್ದೆವು. ಎರಡು ಮಹಡಿ ಹತ್ತಿ ತರಗತಿಗೆ ಬರುವಷ್ಟರಲ್ಲಿ ನಮ್ಮ ಐದು ಜನರಿಗೂ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

ಲಂಡನ್‌ನಿಂದ ಮರಳಿದ ಮೇಲೆ ಅಲಹಾಬಾದಿನಲ್ಲಿ ಗಾಮಾ ಮತ್ತೆ ರಹೀಂ ಬಕ್ಷ್ ಅವರನ್ನು ಎದುರಿಸಿದರು. ಈ ಸಲ ಗಾಮಾ ಗೆದ್ದರು, ರುಸ್ತುಂ-ಎ-ಹಿಂದ್ ಎಂಬ ಬಿರುದು ಬಂದಿತು. ಹದಿನೇಳರಲ್ಲಿ ಶುರು ಮಾಡಿದ ಲೆಕ್ಕವನ್ನು ಮೂವತ್ತು ದಾಟಿದ ಮೇಲೆ ಮುಗಿಸಿದಂತಾಯಿತು. ಮುಂದೆ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ಆಶ್ರಯ ಸಿಕ್ಕಿತು. 1928ರ ಜನವರಿಯಲ್ಲಿ ಜಿಬಿಸ್ಕೊ ಪಟಿಯಾಲಕ್ಕೆ ಬಂದರು. ಗಾಮಾ ಅವರಿಗೆ ಆಗ ಸುಮಾರು 50 ವರ್ಷ. ನೋಡಲು ಜನಸಾಗರವೇ ಸೇರಿತ್ತು. ಲಂಡನ್‌ನಲ್ಲಿ ಎರಡೂವರೆ ಗಂಟೆಯಲ್ಲಿ ಆಗದ ಕೆಲಸ ಇಲ್ಲಿ ಒಂದು ನಿಮಿಷ ತುಂಬುವ ಮೊದಲೇ ಆಗಿಹೋಯಿತು. ಜಿಬಿಸ್ಕೊ ಬೆನ್ನು ಮಣ್ಣಿಗೆ ತಾಗಿತು. ಹದಿನೆಂಟು ವರ್ಷ ಗಾಮಾ ತಮ್ಮ ದಂಡ ಬಸ್ಕಿಯನ್ನು ಬಿಟ್ಟಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇಷ್ಟು ದೀರ್ಘ ಜೀವನದಲ್ಲಿ ಅವರನ್ನು ಸೋಲಿಸಿದ ಪೈಲ್ವಾನರೇ ಇಲ್ಲ ಎಂದು ಇಂದಿಗೂ ಹೇಳುತ್ತಾರೆ.

ಈಗ ಹೇಳುವ ಭಾಗ ನನಗೆ ಎಲ್ಲಕ್ಕಿಂತ ಮುಖ್ಯ. 1947ರಲ್ಲಿ ದೇಶ ಇಬ್ಭಾಗವಾದಾಗ ಗಾಮಾ ಲಾಹೋರಿನ ಮೋಹ್ನಿ ರಸ್ತೆಯಲ್ಲಿದ್ದರು. ಅವರ ಬೀದಿಯಲ್ಲಿ ಹಿಂದೂ ಮನೆಗಳಿದ್ದವು. ಪಂಜಾಬಿನ ಎರಡೂ ಕಡೆ ಕೊಲೆ, ಬೆಂಕಿ. ಗುಂಪು ಆ ಬೀದಿಗೂ ಬಂದಿತು. ಆಗ ವಯಸ್ಸು ಎಪ್ಪತ್ತರ ಹತ್ತಿರವಿದ್ದ ಗಾಮಾ ತಮ್ಮ ಶಿಷ್ಯರನ್ನು ಕರೆದುಕೊಂಡು ನೆರೆಯವರ ಮನೆಗಳ ಮುಂದೆ ನಿಂತರು, ಒಬ್ಬರ ಮೈಗೂ ಕೈ ತಾಗಲು ಬಿಡಲಿಲ್ಲ, ಆಮೇಲೆ ಖರ್ಚಿಗೆ ಹಣ ಕೊಟ್ಟು ಅವರನ್ನು ಗಡಿಯವರೆಗೆ ತಲುಪಿಸಿದರು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ದತಿಯಾದ ಹಿಂದೂ ರಾಜರು ಅವರಿಗೆ ಅನ್ನ ಹಾಕಿದ್ದರು, ಪಟಿಯಾಲದ ಸಿಖ್ ರಾಜರು ಮನ್ನಣೆ ಕೊಟ್ಟಿದ್ದರು, ಬಂಗಾಳದ ಮಿತ್ರ ಅವರು ಲಂಡನ್‌ಗೆ ಕಳುಹಿಸಿದ್ದರು. ಆ ಋಣವನ್ನು ಗಾಮಾ ಮರೆಯಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಐವತ್ತು ವರ್ಷ ಕೂಡಿಟ್ಟ ಬಲವನ್ನು ಅವರು ಖರ್ಚು ಮಾಡಿದ್ದು ಆ ಬೀದಿಯಲ್ಲಿ.

ಕೊನೆಯ ವರ್ಷಗಳು ಕಷ್ಟದವು. ಸಂಸ್ಥಾನಗಳು ಹೋದ ಮೇಲೆ ಪೈಲ್ವಾನರ ಖರ್ಚು ನೋಡುವವರೂ ಹೋದರು. ಕಾಯಿಲೆ ಬಂದಿತು, ಔಷಧಿಗೂ ಹಣದ ತೊಂದರೆಯಾಯಿತು. ಭಾರತದಿಂದ ಉದ್ಯಮಿ ಜಿ. ಡಿ. ಬಿರ್ಲಾ ಅವರು ಹಣದ ನೆರವು ಕಳುಹಿಸಿದರು. ಗಡಿಯಾಚೆಯ ಅಭಿಮಾನಿಯೊಬ್ಬರು ಮರೆಯಲಿಲ್ಲ ಎನ್ನುವುದು ಸಮಾಧಾನ. 1960ರ ಮೇ ತಿಂಗಳಲ್ಲಿ ಲಾಹೋರಿನಲ್ಲಿ ಗಾಮಾ ತೀರಿಕೊಂಡರು. ಅಷ್ಟು ದೊಡ್ಡ ಪೈಲ್ವಾನರ ಕೈಯಲ್ಲಿ ಮುಪ್ಪಿಗೆ ಉಳಿತಾಯ ಇರಲಿಲ್ಲ. ನಮ್ಮ ವಿಭಾಗದವರು ಇದನ್ನೂ ಗಮನಿಸಬೇಕು. ಆಟಗಾರರನ್ನು ಗೆದ್ದ ದಿನ ಹೊತ್ತು ಕುಣಿಸುತ್ತೇವೆ. ಆಮೇಲೆ ಅವರ ಹೊಟ್ಟೆಪಾಡು ಏನು ಎಂದು ಯಾರೂ ಲೆಕ್ಕ ಬರೆಯುವುದಿಲ್ಲ.

ಮೂರು ವಾರ ಕಳೆದು ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ, ಜೂನ್ ಮೊದಲ ವಾರ, ದಾದಾ ನನ್ನನ್ನು ತಾರಸಿಗೆ ಕರೆದುಕೊಂಡು ಹೋದರು. ಮೊದಲ ದಿನ ಐದು ದಂಡ, ಹತ್ತು ಬಸ್ಕಿ. ಇಷ್ಟೇನಾ ಎಂದು ನನಗೆ ನಗು ಬಂದಿತ್ತು. ಐದನೇ ದಂಡಕ್ಕೆ ಕೈ ನಡುಗಿತು, ನಗು ನಿಂತಿತು. ವಾರಕ್ಕೆ ಒಂದು ದಂಡ, ಎರಡು ಬಸ್ಕಿ ಮಾತ್ರ ಹೆಚ್ಚಿಸಬೇಕು, ಅದಕ್ಕಿಂತ ಹೆಚ್ಚು ಮಾಡುವಂತಿಲ್ಲ ಎಂಬುದು ದಾದಾ ಹಾಕಿದ ನಿಯಮ. ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡುತ್ತಾ ಬಂದೆ. ಇಂದಿಗೆ 30 ವಾರ. 35 ದಂಡ, 70 ಬಸ್ಕಿ. ಗಾಮಾ ಅವರ ಲೆಕ್ಕದ ಮುಂದೆ ಇದು ಏನೂ ಅಲ್ಲ. ಆದರೆ ಎರಡು ಮಹಡಿ ಹತ್ತಿದರೆ ಈಗ ನನಗೆ ಏದುಸಿರು ಬರುವುದಿಲ್ಲ.

ಜಿಮ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಾನೂ ಈಗ ವಾರಕ್ಕೆ ಎರಡು ದಿನ ಹೋಗುತ್ತೇನೆ. ಆದರೆ ವ್ಯಾಯಾಮ ಆರಿಸುವ ರೀತಿ ಬದಲಾಗಿದೆ. ದೂಡುವುದು ಒಂದು, ಎಳೆಯುವುದು ಒಂದು, ಕುಳಿತು ಏಳುವುದು ಒಂದು, ನೆಲದಿಂದ ಎತ್ತುವುದು ಒಂದು, ಜೊತೆಗೆ ಓಟ. ಇಷ್ಟಾದರೆ ಇಡೀ ಮೈಗೆ ಕೆಲಸ ಸಿಕ್ಕಂತೆ. ಭಾರ ಎತ್ತುವಾಗ ಬೆನ್ನು ನೇರವಾಗಿರಬೇಕು, ಬಲ ಕಾಲಿನಿಂದ ಬರಬೇಕು. ಹತ್ತು ಸಲ ಸರಿಯಾಗಿ ಮಾಡಲು ಬಾರದ ಭಾರವನ್ನು ಮುಟ್ಟುವುದಿಲ್ಲ. ಹೊಸದನ್ನು ಗೊತ್ತಿದ್ದವರು ಪಕ್ಕದಲ್ಲಿ ನಿಂತಾಗ ಮಾತ್ರ ಕಲಿಯುತ್ತೇನೆ. ಒಂದು ದಿನ ಭಾರ ಎತ್ತಿದರೆ ಮರುದಿನ ಆ ಸ್ನಾಯುಗಳಿಗೆ ವಿಶ್ರಾಂತಿ. ಮೊಣಕಾಲು ನೋವಿರುವವರು ಬಸ್ಕಿಗೆ ಮೊದಲು ಡಾಕ್ಟರನ್ನು ಕೇಳಬೇಕು. ನಮ್ಮ ವಯಸ್ಸಿನವರು ದಿನಕ್ಕೆ ಕನಿಷ್ಠ 60 ನಿಮಿಷ ಮೈ ಆಡಿಸಬೇಕು, ವಾರಕ್ಕೆ ಮೂರು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಣವಿಲ್ಲದವರಿಗೆ ಕಾಲೇಜಿನ ಮೈದಾನ ಸಾಕು. ಅಲ್ಲಿ ಕಂಬಿ ಇದೆ, ಓಡಲು ಜಾಗ ಇದೆ, ದಂಡ ಹೊಡೆಯಲು ನೆಲ ಇದೆ.

ಕೊನೆಗೆ ನಮ್ಮ ದಾದಾ ಬಗ್ಗೆ ಒಂದು ಮಾತು. ಅವರು ಗರಡಿ ಬಿಟ್ಟ ಮೇಲೆ ಎಪಿಎಂಸಿಯಲ್ಲಿ ಹಮಾಲಿ ಮಾಡಿದರು, ಮೂಟೆ ಹೊತ್ತು ನಮ್ಮ ಅಬ್ಬಾನನ್ನು ಓದಿಸಿದರು. ಜಾತ್ರೆಯ ಕುಸ್ತಿಯಲ್ಲಿ ಗೆದ್ದ ಕಪ್ ಒಂದೂ ನಮ್ಮ ಮನೆಯಲ್ಲಿಲ್ಲ. ಈಗ ಅವರಿಗೆ 74 ವರ್ಷ. ಮಸೀದಿಯಲ್ಲಿ ಅವರ ವಾರಿಗೆಯ ಎಷ್ಟೋ ಹಿರಿಯರು ಕುರ್ಚಿಯ ಮೇಲೆ ಕುಳಿತು ನಮಾಜ್ ಮಾಡುತ್ತಾರೆ. ದಾದಾ ಸಜ್ದಾದಿಂದ ಕೈ ಊರದೆ ಎದ್ದು ನಿಲ್ಲುತ್ತಾರೆ. ಮೊದಲು ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಈಗ ಪ್ರತಿ ದಿನ ಫಜರ್‌ನಲ್ಲಿ ಅವರ ಪಕ್ಕ ನಿಂತಾಗ ಕಾಣುತ್ತದೆ. ಹದಿನೇಳರಲ್ಲಿ ಹೊಡೆದ ಬಸ್ಕಿ ಎಪ್ಪತ್ನಾಲ್ಕರಲ್ಲಿ ಹೀಗೆ ಬಡ್ಡಿ ಸಮೇತ ವಾಪಸ್ ಬರುತ್ತದೆ. ಶರ್ಟಿನ ತೋಳು ಬಿಗಿಯಾಗಿದೆಯೋ ಇಲ್ಲವೋ ಎಂದು ನಾನು ನೋಡಿಕೊಂಡು ಬಹಳ ದಿನವಾಯಿತು.